ಬೈಸನ್ ಹುಡುಕಬೇಡಿ, ಬೆಂಕಿ ಬಿದ್ದ ಜಾಗ ಹುಡುಕಿ: ನನ್ನ ಅನುಭವ

ಈಗ ಎರಡು ವರ್ಷದಿಂದ ಕ್ಯಾನ್ಸಸ್ ರಾಜ್ಯದ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್ ಅನ್ನುವ ಸಂರಕ್ಷಿತ ಹುಲ್ಲುಗಾವಲಿಗೆ ಹೋದಾಗಲೆಲ್ಲ ನನಗೆ ಬೈಸನ್ (ಅಮೆರಿಕದ ಕಾಡುಕೋಣ) ಸಿಗುತ್ತಿವೆ. ಒಂದೆರಡು ಸಲ ತಪ್ಪಿರಬಹುದು, ಅಷ್ಟೇ. ಅದೂ ಕಾರಿನಲ್ಲಿ ಕೂತು ನೋಡಿದ್ದಲ್ಲ. ನಡೆದು ಹೋಗಿ, ಟ್ರೇಲ್ (ಕಾಲುದಾರಿ) ಮೇಲೆ ನಿಂತು ನೋಡಿದ್ದು. ಕ್ಯಾನ್ಸಸ್ ಸಿಟಿ ಸುತ್ತಮುತ್ತಲಿನ ನಮ್ಮ ಕನ್ನಡದವರಲ್ಲಿ ಅಲ್ಲಿಗೆ ಹೋಗಿ "ಬರೀ ಹುಲ್ಲು, ಏನೂ ಕಾಣಲಿಲ್ಲ" ಅಂತ ವಾಪಸ್ ಬಂದವರೇ ಜಾಸ್ತಿ. ಹುಲ್ಲು ಸುಟ್ಟ ಜಾಗ ನೋಡಿ ಹಿಂಡು ಹುಡುಕುವ ನನ್ನ ಲೆಕ್ಕಾಚಾರ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಬೈಸನ್ ಬೇಕಾದ್ರೆ ಯೆಲ್ಲೋಸ್ಟೋನ್‌ಗೆ ಹೋಗು ಮಾರಾಯ, ಇಲ್ಲಿ ಸುಮ್ನೆ ಬಿಸಿಲಿಗೆ ಯಾಕೆ ಒಣಗ್ತೀಯ" ಅನ್ನುತ್ತಿದ್ದರು. ಅವರಲ್ಲೇ ನಾಲ್ಕೈದು ಮನೆಯವರನ್ನು ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಮಾತು ನಿಂತಿದೆ. ಇನ್ನು ಬರೆಯಬಹುದು ಅನ್ನಿಸಿತು.

ದಾರಿ ನಿಮಗೆ ಗೊತ್ತಿರುವುದೇ. ಐ-35ರಲ್ಲಿ ಎಂಪೋರಿಯಾ, ಅಲ್ಲಿಂದ ಹೆದ್ದಾರಿ 50ರಲ್ಲಿ ಸ್ಟ್ರಾಂಗ್ ಸಿಟಿ, ಅಲ್ಲಿ ಬಲಕ್ಕೆ 177ಕ್ಕೆ ತಿರುಗಿದರೆ ಎರಡು ಮೈಲಿ. ಕ್ಯಾನ್ಸಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಿಂದ ಎರಡು ಗಂಟೆ ಹತ್ತಿರ ಆಗುತ್ತದೆ. ಫ್ಲಿಂಟ್ ಹಿಲ್ಸ್‌ನ ಆ ಗುಡ್ಡಗಳಲ್ಲಿ ಒಂದಡಿ ಅಗೆದರೆ ಸುಣ್ಣದ ಕಲ್ಲು, ಅದರೊಳಗೆ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹಾಗಾಗಿ ಹುಲ್ಲು ಉಳಿಯಿತು. ಅಮೆರಿಕದ ಇಂಥ ಎತ್ತರದ ಹುಲ್ಲುಗಾವಲಿನಲ್ಲಿ ಈಗ ನಾಲ್ಕು ಪರ್ಸೆಂಟ್‌ಗಿಂತ ಕಡಿಮೆ ಉಳಿದಿದೆ. ಅದರಲ್ಲಿ ಬಹುಪಾಲು ಇಲ್ಲೇ. ಪ್ರಿಸರ್ವ್ ಆಗಿದ್ದು 1996ರಲ್ಲಿ, ಹನ್ನೊಂದು ಸಾವಿರ ಎಕರೆ ಹತ್ತಿರ ಇದೆ. ಬೈಸನ್ ತಂದಿದ್ದು 2009ರಲ್ಲಿ. ಸೌತ್ ಡಕೋಟದ ವಿಂಡ್ ಕೇವ್ ನ್ಯಾಷನಲ್ ಪಾರ್ಕ್‌ನಿಂದ ಬಂದ 13 ಪ್ರಾಣಿಗಳು ಈಗ ಒಳ್ಳೇ ದೊಡ್ಡ ಹಿಂಡಾಗಿವೆ. ಅವು ಇರುವ ವಿಂಡ್‌ಮಿಲ್ ಪಾಶ್ಚರ್ (ಬೇಲಿ ಹಾಕಿದ ಮೇವಿನ ಬಯಲು) ನಡುವೆಯೇ ಸೀನಿಕ್ ಓವರ್‌ಲುಕ್ ಟ್ರೇಲ್ ಹಾದು ಹೋಗುತ್ತದೆ. ಹೋಗಿ ಬರಲು ಆರೂವರೆ ಮೈಲಿ. ಬೈಸನ್ ಇರುವ ಬೇಲಿಯೊಳಗೆ ನಡೆಯಲು ಬಿಡುವ ಜಾಗ ಎಲ್ಲಾ ಕಡೆ ಸಿಗುವುದಿಲ್ಲ. ಕ್ಯಾನ್ಸಸ್‌ನದೇ ಮ್ಯಾನ್‌ಹಾಟನ್ ಊರಿನ ಹತ್ತಿರ ಸಂಶೋಧನೆಗೆ ಇಟ್ಟಿರುವ ಕೊಂಜಾ ಪ್ರೇರಿಯಲ್ಲೂ ಬೈಸನ್ ಇವೆ, ಆದರೆ ಅಲ್ಲಿ ಟ್ರೇಲ್ ಬೇರೆ, ಬೈಸನ್ ಇರುವ ಜಾಗ ಬೇರೆ.

ತೊಂದರೆ ಏನಪ್ಪ ಅಂದರೆ, ಆ ನೆಲ ದೂರದಿಂದ ನೋಡಲು ಬಯಲು. ಒಳಗೆ ಹೋದರೆ ಮಡಿಕೆ ಮಡಿಕೆ. ಮುನ್ನೂರು ಗಜ ಆಚೆ ತಗ್ಗಿನಲ್ಲಿ ಐವತ್ತು ಬೈಸನ್ ಮಲಗಿದ್ದರೂ ನಮಗೆ ಕಾಣುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಬಿಗ್ ಬ್ಲೂಸ್ಟೆಮ್ ಹುಲ್ಲು ತಲೆ ಮೀರಿ ಬೆಳೆದಿರುತ್ತದೆ, ಆಗಂತೂ ಕೇಳುವುದೇ ಬೇಡ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು ಸೂರ್ಯ ಹುಟ್ಟುವಾಗ ಗೇಟಿನಲ್ಲಿರುವುದು. ಕಾಣಲಿಲ್ಲ. ಸಂಜೆ ಹೊತ್ತು ಹೋಗುವುದು. ಒಂದು ಗಂಡು ಬೈಸನ್, ಅದೂ ಅರ್ಧ ಮೈಲಿ ಆಚೆ. ಹಿಂದಿನ ಸಲ ಕಂಡ ಜಾಗಕ್ಕೇ ಮತ್ತೆ ಹೋಗುವುದು. ಅಲ್ಲಿ ಅವು ಹೊರಳಾಡಿದ ಧೂಳಿನ ಗುಂಡಿ ಬಿಟ್ಟು ಬೇರೇನೂ ಇರಲಿಲ್ಲ. 177ರಲ್ಲಿ ಕಾರು ನಿಧಾನ ಮಾಡಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡುವುದು. ಕಂಡಿದ್ದೆಲ್ಲ ಅಕ್ಕಪಕ್ಕದ ರಾಂಚ್‌ಗಳ ಕಪ್ಪು ದನ. ಡ್ರೋನ್ ಇದೆಯಲ್ಲ ಅಂತ ಒಬ್ಬರು ಹೇಳಿದರು. ನ್ಯಾಷನಲ್ ಪಾರ್ಕ್ ಸರ್ವೀಸ್ ಜಾಗದಲ್ಲಿ ಡ್ರೋನ್ ಹಾರಿಸುವ ಹಾಗಿಲ್ಲ. ಹಾರಿಸಲೂಬಾರದು, ಹಿಂಡು ಬೆದರುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಯೆಲ್ಲೋಸ್ಟೋನ್‌ಗೆ ನಾವು ನಾಲ್ಕು ಜನ ಹೋಗಿದ್ದಾಗ ವಿಮಾನ, ಬಾಡಿಗೆ ಕಾರು, ವಸತಿ ಎಲ್ಲಾ ಸೇರಿ ಮೂರು-ಮೂರೂವರೆ ಸಾವಿರ ಡಾಲರ್ ಬಿದ್ದಿತ್ತು. ಅಲ್ಲಿ ಬೈಸನ್ ಬೇಕಾದಷ್ಟು ಕಂಡವು, ನಿಜ. ಕಂಡಿದ್ದು ಮಾತ್ರ ಕಾರುಗಳ ಸಾಲಿನಲ್ಲಿ, ಮುಂದಿನ ವ್ಯಾನಿನ ಕಿಟಕಿ ಆಚೆ. ಇಲ್ಲಿ ಪ್ರವೇಶ ಶುಲ್ಕವೇ ಇಲ್ಲ. ಪೆಟ್ರೋಲಿಗೆ ಮೂವತ್ತು-ಮೂವತ್ತೈದು ಡಾಲರ್. ಹಾಗಂತ ಇಲ್ಲಿ ಖರ್ಚೇ ಆಗಲಿಲ್ಲ ಅಂತಲ್ಲ. ಬರಿಗೈಯಲ್ಲಿ ವಾಪಸ್ ಬಂದ ದಿನಗಳ ಪೆಟ್ರೋಲ್, ಎರಡು ಸಲ ಬಾಡಿಗೆಗೆ ತಂದ 150-600 ಲೆನ್ಸ್ (ಒಂದು ವಾರಾಂತ್ಯಕ್ಕೆ ಎಂಬತ್ತು-ತೊಂಬತ್ತು ಡಾಲರ್), ಒಳ್ಳೇ ಶೂ, ಎಲ್ಲಾ ಸೇರಿಸಿದರೆ ಏಳೆಂಟುನೂರು ಡಾಲರ್ ಹೋಗಿರಬಹುದು. ಆ ಲೆನ್ಸಿನಲ್ಲಿ ಒಂದು ಸಲವಂತೂ ಬೈಸನ್‌ನ ಒಂದೇ ಒಂದು ಚಿತ್ರ ತೆಗೆಯಲಾಗಲಿಲ್ಲ. ಮೂರು ಕೆಜಿ ಹೊತ್ತುಕೊಂಡು ಆರು ಮೈಲಿ ನಡೆದಿದ್ದೇ ಬಂತು.

ಈ ದಾರಿ ತೋರಿಸಿದ್ದು ಅಪ್ಪಯ್ಯ. ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಅವರು ನಮ್ಮಲ್ಲಿಗೆ ಬಂದಾಗ ಎಪ್ಪತ್ತರ ಮೇಲೆ ವಯಸ್ಸು, ನಡಿಗೆಯಲ್ಲಿ ನನಗಿಂತ ಗಟ್ಟಿ. ಕಾಟಿಯನ್ನು (ನಮ್ಮ ಕಾಡುಕೋಣ) ತೋಟದಂಚಿನಲ್ಲಿ ನೋಡಿ ಅಭ್ಯಾಸ ಇದ್ದವರು. ಮೊದಲ ಗುಡ್ಡ ಹತ್ತಿ ಸುತ್ತ ನೋಡಿದವರೇ ಕೇಳಿದರು:

"ಈ ಹುಲ್ಲಿಗೆ ಬೆಂಕಿ ಹಾಕ್ತಾರೇನಾ?"

"ಹೌದು ಅಪ್ಪಯ್ಯ, ಪ್ರತಿ ವರ್ಷ ಒಂದೊಂದು ಭಾಗಕ್ಕೆ ಹಾಕ್ತಾರೆ."

"ಈ ವರ್ಷ ಯಾವ ಭಾಗ?"

ನನಗೆ ಗೊತ್ತಿರಲಿಲ್ಲ.

"ಅದು ಗೊತ್ತಾದ್ರೆ ಹಿಂಡು ಎಲ್ಲಿದೆ ಅಂತ ಗೊತ್ತಾದ ಹಾಗೇ. ನಮ್ಮ ಬ್ಯಾಣಕ್ಕೆ ಬೆಂಕಿ ಕೊಟ್ಟ ಮೇಲೆ ದನ ಬೇರೆ ಕಡೆ ಬಾಯಿ ಹಾಕ್ತಿದ್ವಾ? ಚಿಗುರು ಬಿಟ್ಟು ಒಣಹುಲ್ಲು ಯಾರಿಗೆ ಬೇಕು?" ಬ್ಯಾಣ ಅಂದರೆ ನಮ್ಮ ಕಡೆ ದನ ಮೇಯುವ ಹುಲ್ಲುಗಾವಲು.

ಆಮೇಲೆ ಓದಿದಾಗ ಗೊತ್ತಾಯಿತು, ಕೊಂಜಾದಲ್ಲಿ ವಿಜ್ಞಾನಿಗಳು ಎಷ್ಟೋ ವರ್ಷ ಲೆಕ್ಕ ಇಟ್ಟು ಹೇಳಿದ್ದೂ ಇದನ್ನೇ. ಹುಲ್ಲು ಬೆಳೆಯುವ ಕಾಲದಲ್ಲಿ ಬೈಸನ್ ಆ ವರ್ಷ ಸುಟ್ಟ ಜಾಗವನ್ನೇ ಹುಡುಕಿಕೊಂಡು ಹೋಗುತ್ತವೆ. ಹಳೇ ಹುಲ್ಲು ಸುಟ್ಟು ಹೋದ ಕಡೆ ಬರುವ ಚಿಗುರಿನಲ್ಲಿ ಸತ್ವ ಜಾಸ್ತಿ, ಬಾಯಿಗೆ ಒಣಕಡ್ಡಿ ಅಡ್ಡ ಬರುವುದಿಲ್ಲ. ಅವು ಅಲ್ಲೇ ಮೇಯುತ್ತಾ ಹುಲ್ಲನ್ನು ಗಿಡ್ಡವಾಗಿ ಇಡುತ್ತವೆ, ಮತ್ತೆ ಚಿಗುರು ಬರುತ್ತದೆ, ಮತ್ತೆ ಅಲ್ಲಿಗೇ ಬರುತ್ತವೆ. ಸುಡದ ಕಡೆ ಹುಲ್ಲು ಎತ್ತರಕ್ಕೆ ಬೆಳೆದು ಮುಂದಿನ ವರ್ಷದ ಬೆಂಕಿಗೆ ಸೌದೆಯಾಗುತ್ತದೆ. ಅದಕ್ಕೇ ಒಂದೊಂದು ವರ್ಷ ಒಂದೊಂದು ತುಂಡಿಗೆ ಬೆಂಕಿ ಹಾಕುತ್ತಾರೆ.

ಇನ್ನೊಂದನ್ನು ಅಪ್ಪಯ್ಯ ಅವತ್ತೇ ತೋರಿಸಿಕೊಟ್ಟರು. ಟ್ರೇಲ್ ಮೇಲೆ ಬಿದ್ದಿದ್ದ ಸಗಣಿ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಮೇಲಿನ ಪೊರೆ ಎತ್ತಿದರು. ಮೇಲೆ ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು. ಅಡಿಯಲ್ಲಿ ಇನ್ನೂ ಹಸಿರು, ಪಸೆ ಇತ್ತು, ಹುಳ ಇನ್ನೂ ತೂತು ಕೊರೆದಿರಲಿಲ್ಲ. "ಇದು ಇವತ್ತು ಬೆಳಿಗ್ಗೆದ್ದು" ಅಂದರು. ಅಂಚು ಗಟ್ಟಿಯಾಗಿ, ಒಳಗೆಲ್ಲ ಹುಳ ಜಾಲಾಡಿದ್ದರೆ ನಿನ್ನೆಯದ್ದೋ ಮೊನ್ನೆಯದ್ದೋ. ಕ್ಯಾನ್ಸಸ್ ಗಾಳಿಗೆ ಬೇಗ ಒಣಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಮುಂದಿನ ಗುಡ್ಡ ದಾಟಿದಾಗ ಹಿಂಡು ಎದುರಿಗೇ ಇತ್ತು, ಕರುಗಳ ಸಮೇತ. ಮೇ ತಿಂಗಳು. ಕರುಗಳು ಇಟ್ಟಿಗೆ ಬಣ್ಣಕ್ಕಿದ್ದವು.

ಸರಿ, ಸುಟ್ಟ ಜಾಗ ಯಾವುದು ಅಂತ ಮನೆಯಲ್ಲೇ ಕೂತು ತಿಳಿಯುವುದು ಹೇಗೆ? ಇಲ್ಲೇ ನನ್ನ ಕೆಲಸ ಶುರುವಾಗಿದ್ದು. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಬಿಟ್ಟಿ ಸಿಗುತ್ತವೆ. ಹೆಚ್ಚು ಕಡಿಮೆ ಐದು ದಿನಕ್ಕೊಂದು ಚಿತ್ರ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆವರೆಗೆ ಒಂದೊಂದನ್ನೇ ತೆಗೆದು ನೋಡುತ್ತೇನೆ. ಮಾಮೂಲಿ ಬಣ್ಣದಲ್ಲಿ ಸುಟ್ಟ ನೆಲ ಕಪ್ಪಾಗಿ ಕಾಣುತ್ತದೆ, ಆದರೆ ಮೋಡದ ನೆರಳೂ ಹಾಗೇ ಕಾಣುತ್ತದೆ. ಅದಕ್ಕೆ ಶಾರ್ಟ್‌ವೇವ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಪದರ ಹಾಕಿಕೊಳ್ಳಬೇಕು. ಆಗ ಸುಟ್ಟ ಜಾಗ ಕಂದುಗೆಂಪಾಗಿ ಎದ್ದು ನಿಲ್ಲುತ್ತದೆ, ಅಂಚು ಕತ್ತರಿಸಿಟ್ಟ ಹಾಗೆ ಗೊತ್ತಾಗುತ್ತದೆ.

ಇದರಲ್ಲಿ ಎರಡು ತಲೆನೋವು. ಒಂದು, ಫ್ಲಿಂಟ್ ಹಿಲ್ಸ್‌ನ ರಾಂಚ್‌ನವರೆಲ್ಲ ಅದೇ ಹೊತ್ತಿಗೆ ಬೆಂಕಿ ಹಾಕುತ್ತಾರೆ. ಜಿಲ್ಲೆಗೆ ಜಿಲ್ಲೆಯೇ ಕಪ್ಪು. ಹಾಗಾಗಿ ಬೈಸನ್ ಪಾಶ್ಚರ್‌ನ ಗಡಿಯನ್ನು ಮೊದಲೇ ಗುರುತು ಮಾಡಿ ಚಿತ್ರದ ಮೇಲೆ ಹಾಕಿಕೊಳ್ಳಬೇಕು. ಎರಡು, ಮಳೆ ಬಿದ್ದರೆ ಎರಡು-ಮೂರು ವಾರದಲ್ಲಿ ಆ ಗುರುತು ಹಸಿರಾಗಿ ಮುಚ್ಚಿಹೋಗುತ್ತದೆ. ಆ ಸಮಯದಲ್ಲಿ ಮೋಡ ಇದ್ದರೆ ಒಂದೂ ಒಳ್ಳೇ ಚಿತ್ರ ಸಿಗುವುದಿಲ್ಲ. ಒಂದು ವರ್ಷ ನನಗೆ ಹಾಗೇ ಆಯಿತು. ಆಗ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಬೆಂಕಿಯ ಚುಕ್ಕೆ ನೋಡಿ ಅಂದಾಜು ಮಾಡಿದೆ. ಅದು ತೀರಾ ಒರಟು, ಆದರೆ ಪೂರ್ವದ ಗುಡ್ಡವೋ ಪಶ್ಚಿಮದ್ದೋ ಅನ್ನುವಷ್ಟು ಗೊತ್ತಾಯಿತು. ಹಿಂದಿನ ವರ್ಷಗಳ ತುಂಡುಗಳನ್ನೂ ಒಂದೊಂದು ಬಣ್ಣ ಕೊಟ್ಟು ಇಟ್ಟುಕೊಂಡಿದ್ದೇನೆ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಉಪಗ್ರಹದ ಚಿತ್ರದಲ್ಲಿ ಬೈಸನ್‌ಗಳೇ ಕಾಣುತ್ತವಾ ಅಂತಲೂ ಒಂದು ಚಳಿಗಾಲ ಕೂತು ನೋಡಿದೆ. ಹಿಮದ ಮೇಲೆ ಕಪ್ಪು ಪ್ರಾಣಿ, ಕಾಣಬಹುದೇನೋ ಅಂತ ಆಸೆ. ಒಂದು ಪಿಕ್ಸೆಲ್ ಅಂದರೆ ನೆಲದಲ್ಲಿ ಹತ್ತು ಮೀಟರ್, ಪ್ರಾಣಿಯ ಉದ್ದ ಮೂರು ಮೀಟರ್ ಹತ್ತಿರ. ಆಗುವುದಿಲ್ಲ. ಯಾರೂ ಅದಕ್ಕೆ ಸಮಯ ಹಾಕಬೇಡಿ.

ಈಗ ಮುಖ್ಯ ವಿಷಯ. ಅಕ್ಟೋಬರ್ ಕಳೆದ ಮೇಲೆ ಈ ಲೆಕ್ಕ ತಿರುಗುತ್ತದೆ. ಮೊದಲ ಚಳಿಗಾಲ ನಾನು ಸುಟ್ಟ ತುಂಡಿಗೇ ಹೋಗಿ ಹೋಗಿ ಕಾದೆ, ಒಂದೂ ಬರಲಿಲ್ಲ. ನಮ್ಮ ಗೆಳೆಯರು "ನಿನ್ನ ಉಪಗ್ರಹಕ್ಕೆ ಚಳಿ ಆಯ್ತಾ" ಅಂದಿದ್ದು ಆಗಲೇ. ವಿಷಯ ಇಷ್ಟೇ. ಆ ತುಂಡಿನಲ್ಲಿ ಬೇಸಿಗೆಯೆಲ್ಲ ಮೇಯ್ದು ಚಳಿಗಾಲಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ. ಆಗ ಅವು ಸುಡದೇ ಬಿಟ್ಟ ಕಡೆಗೆ, ಒಣಹುಲ್ಲು ಇರುವಲ್ಲಿಗೆ ಹೋಗುತ್ತವೆ. ಹಳೇ ವರ್ಷಗಳ ನಕ್ಷೆ ಇಟ್ಟುಕೊಳ್ಳುವುದು ಅದಕ್ಕೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಾನು ಈಗ ಆ ವರ್ಷ ಬೆಂಕಿ ಬೀಳದ ತುಂಡುಗಳನ್ನೇ ನೋಡುವುದು. ಚಳಿಗಾಲದಲ್ಲಿ ಹುಲ್ಲು ಬಾಗಿರುತ್ತದೆ, ದೂರಕ್ಕೆ ಕಾಣುತ್ತದೆ, ಉಣುಗು (ಉಣ್ಣೆ ಹುಳ) ಕಾಟ ಇಲ್ಲ. ನನ್ನ ಒಳ್ಳೇ ಚಿತ್ರಗಳೆಲ್ಲ ಜನವರಿಯವು.

ಉಣುಗಿನ ವಿಷಯ ಬಂತಲ್ಲ. ಅಮ್ಮ ಮೊದಲ ದಿನವೇ "ಹುಲ್ಲಿಗೆ ಇಳೀಬೇಡಿ, ಉಣುಗು ಹತ್ತುತ್ತೆ" ಅಂತ ಗಲಾಟೆ ಮಾಡಿದ್ದಳು. ಮಂಗನ ಕಾಯಿಲೆ ಕಂಡ ಊರಿನವರಿಗೆ ಆ ಹೆದರಿಕೆ ಸಹಜ, ಅಲ್ವಾ? ಊರಿನಲ್ಲಿ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗುವುದು. ಇಲ್ಲಿ ಮಂಗನ ಕಾಯಿಲೆ ಇಲ್ಲ, ಆದರೆ ಲೋನ್ ಸ್ಟಾರ್ ಅನ್ನುವ ಉಣುಗು ಇದೆ. ಅದು ಕಚ್ಚಿದರೆ ಕೆಲವರಿಗೆ ದನ, ಹಂದಿ, ಕುರಿಯಂಥ ಪ್ರಾಣಿಗಳ ಮಾಂಸವೇ ಒಗ್ಗದ ಹಾಗಾಗುತ್ತದೆ. ಜೊತೆಗೆ ಚಿಗರ್ ಅನ್ನುವ ಕಚ್ಚುವ ಹುಳ. ಕಣ್ಣಿಗೆ ಕಾಣದಷ್ಟು ಸಣ್ಣದು, ಒಂದು ವಾರ ನಿದ್ದೆ ಕೊಡುವುದಿಲ್ಲ. ನಾನು ಹಿಂದಿನ ದಿನವೇ ಪ್ಯಾಂಟು, ಕಾಲುಚೀಲ, ಶೂಗೆ ಪರ್ಮೆಥ್ರಿನ್ ಹೊಡೆದು ಒಣಗಿಸುತ್ತೇನೆ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಹದಿನೈದು ಡಾಲರಿನ ಬಾಟಲಿ ಒಂದು ಬೇಸಿಗೆಗೆ ಸಾಕು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಚೆನ್ನಾಗಿ ಕಾಣದಿದ್ದರೂ ಪರವಾಗಿಲ್ಲ.

ನೀರು ತಲೆಗೆ ಮೂರು ಲೀಟರ್. ಟ್ರೇಲ್‌ನಲ್ಲಿ ನೆರಳಿಲ್ಲ. ನಾವು ಮಜ್ಜಿಗೆ ಫ್ಲಾಸ್ಕಿನಲ್ಲಿ ಒಯ್ಯುತ್ತೇವೆ, ಉಪ್ಪು ಸ್ವಲ್ಪ ಮುಂದೆ.

ಅಂತರದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ನೂರು ಗಜ ಅಂತ ಹೇಳುತ್ತಾರೆ, ನಾನು ಇನ್ನೂರು ಇಡುತ್ತೇನೆ. ಗಂಡು ಬೈಸನ್ ಒಂಬೈನೂರು ಕೆಜಿವರೆಗೆ ತೂಗುತ್ತದೆ, ಗಂಟೆಗೆ ಮೂವತ್ತು ಮೈಲಿ ಮೀರಿ ಓಡುತ್ತದೆ. ಬಾಲ ನೆಟ್ಟಗೆ ಎದ್ದಿತು ಅಂದರೆ ನಿಮ್ಮ ಚಿತ್ರ ಮುಗಿಯಿತು, ಹಿಂದೆ ಸರಿಯಿರಿ. ಜುಲೈ-ಆಗಸ್ಟ್ ಬೆದೆಯ ಕಾಲ. ಗಂಡುಗಳು ಗುಟುರು ಹಾಕುವುದು ಗುಡ್ಡದಾಚೆಯಿಂದಲೇ ಕೇಳಿಸುತ್ತದೆ. ಕೇಳಲು ಅದ್ಭುತ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವ ಕಾಲ ಅಲ್ಲ. ಒಂದು ಸಲ ವಾಪಸ್ ಬರುವಾಗ ಹಿಂಡು ಟ್ರೇಲ್ ಮೇಲೇ ಮಲಗಿ ಮೆಲುಕು ಹಾಕುತ್ತಿತ್ತು. ಒಂದು ಗಂಟೆಗೂ ಜಾಸ್ತಿ ಕಾದೆವು. ಜೊತೆಯಲ್ಲಿದ್ದವರು ಪಕ್ಕದಿಂದ ಸುತ್ತಿಕೊಂಡು ಹೋಗೋಣ ಅಂದರು. ನಾನು ಬಿಡಲಿಲ್ಲ. ಕರು ಇರುವ ಹಿಂಡಿನ ಪಕ್ಕ ಸುತ್ತುವ ಮಾತೇ ಇಲ್ಲ.

ಹುಲ್ಲಿನ ಹುಚ್ಚು ಹತ್ತಿದ ಮೇಲೆ ಮನೆಯ ಹಿತ್ತಲಲ್ಲೂ ಬಿಗ್ ಬ್ಲೂಸ್ಟೆಮ್ ಹಾಕಿದೆ. ಬೀಜ ಅಂಗಡಿಯಿಂದ ತಂದಿದ್ದು, ಪ್ರಿಸರ್ವ್‌ನಿಂದ ಒಂದು ಕಡ್ಡಿಯನ್ನೂ ತರಬಾರದು. ಒದ್ದೆ ಮರಳಲ್ಲಿ ಕಲಸಿ ಒಂದು ತಿಂಗಳು ಫ್ರಿಜ್‌ನಲ್ಲಿಟ್ಟು ಬಿತ್ತಿದೆ. ಮೊದಲ ವರ್ಷ ಗೇಣುದ್ದವೂ ಬರಲಿಲ್ಲ. ಅದು ಮೊದಲು ಬೇರು ಬಿಡುತ್ತದೆ, ಹತ್ತು ಅಡಿ ಆಳಕ್ಕೂ ಹೋಗಬಲ್ಲದು. ಮೂರನೇ ವರ್ಷ ನನ್ನ ಎದೆಮಟ್ಟ ಬಂತು, ತುದಿಯಲ್ಲಿ ಮೂರು ಬೆರಳಿನ ತೆನೆ. ಅಷ್ಟರಲ್ಲಿ ಬಡಾವಣೆ ಸಂಘದವರಿಂದ ಹುಲ್ಲು ಕತ್ತರಿಸಿ ಅಂತ ಪತ್ರ ಬಂತು. ಬೇಲಿ ಪಕ್ಕದ ಒಂದು ಪಟ್ಟಿ ಉಳಿಸಿಕೊಂಡಿದ್ದೇನೆ.

ಲೆನ್ಸ್ ಬಾಡಿಗೆ ಈಗ ಪೂರ್ತಿ ಬಿಟ್ಟಿದ್ದೇನೆ. ನೂರೈವತ್ತು ಡಾಲರಿನ 8×42 ಬೈನಾಕ್ಯುಲರ್‌ಗೆ ಫೋನ್ ಹಿಡಿದು ತೆಗೆದ ಚಿತ್ರ ನನಗೆ ಸಾಕು. ಫೋನ್ ಅಲುಗದ ಹಾಗೆ ಕೂರಿಸಲು ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಗಾಳಿಯ ದಿಕ್ಕು ನೋಡಿ ಯಾವ ಗುಡ್ಡದ ಹಿಂದೆ ನಿಲ್ಲಬೇಕು ಅನ್ನುವುದನ್ನು ಬರೆದು ತಿಳಿಸುವುದು ಕಷ್ಟ, ಜೊತೆಗೆ ಬಂದರೆ ತೋರಿಸುತ್ತೇನೆ. ಬೈಸನ್ ಬಿಸಿಲು ಜೋರಾದಾಗ ಬರುವ ಒಂದು ಏರು ಇದೆ, ಮೂರು ಬೇಸಿಗೆಯೂ ಅಲ್ಲಿ ಸಿಕ್ಕಿವೆ. ಆ ಜಾಗ ಮಾತ್ರ ಹೇಳುವುದಿಲ್ಲ. ಹತ್ತು ಜನ ಅಲ್ಲಿ ಹೋಗಿ ಕಾಯಲು ಶುರು ಮಾಡಿದರೆ ಅವು ಬರುವುದನ್ನು ಬಿಡುತ್ತವೆ. ಉಳಿದಿದ್ದು ಎಲ್ಲಾ ಮೇಲೆ ಬರೆದಿದ್ದೇನೆ. ಮಾರ್ಚ್ ಕೊನೆಗೆ ಮೊದಲ ಚಿತ್ರ ತೆಗೆದು ಗಡಿ ಹಾಕಿ ನೋಡಿ. ಕಂದುಗೆಂಪು ತುಂಡು ಯಾವುದು ಅಂತ ಅನುಮಾನ ಬಂದರೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ.