ಪಾಸ್ಕಲ್ ಪ್ರೋಗ್ರಾಂ ಬ್ರೌಸರಿನಲ್ಲಿ ಓಡಬೇಕಾದರೆ

ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆಯನ್ನು ಬ್ರೌಸರ್ ನೇರವಾಗಿ ಅರಿಯದು. ಅದಕ್ಕೆ ಜಾವಾಸ್ಕ್ರಿಪ್ಟ್ ಬೇಕು. ಫ್ರೀ ಪಾಸ್ಕಲ್ ತಂಡದವರು ರೂಪಿಸಿರುವ ‘ಪಾಸ್‌2ಜೆಎಸ್’ ಎಂಬ ಮುಕ್ತ ತಂತ್ರಾಂಶವು ಪಾಸ್ಕಲ್ ಕಡತಗಳನ್ನು ಓದಿ, ಅದೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಅನ್ನು ಬರೆದುಕೊಡುತ್ತದೆ.

ಹೀಗೆ ಭಾಷಾಂತರಿಸಿಕೊಡುವ ಈ ಕಂಪೈಲರನ್ನು ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಬಿಚ್ಚಿಟ್ಟ ಮೇಲೆ ಪ್ರೋಗ್ರಾಂ ಬರೆಯಲು ತೊಡಗಬಹುದು. ‘ಯೂಸಸ್’ ಸಾಲಿನಲ್ಲಿ ‘ಜೆಎಸ್’ ಮತ್ತು ‘ವೆಬ್’ ಎಂಬ, ಸಿದ್ಧ ಸಂಕೇತವಿರುವ ಎರಡು ಯೂನಿಟ್‌ಗಳನ್ನು ಸೇರಿಸಿಕೊಳ್ಳಿ. ಪುಟ, ಗುಂಡಿ, ಪಠ್ಯದ ಪೆಟ್ಟಿಗೆ ಮುಂತಾದ ಬ್ರೌಸರಿನ ವಸ್ತುಗಳೆಲ್ಲ ಇವುಗಳಲ್ಲಿ ಪಾಸ್ಕಲ್ ಕ್ಲಾಸ್‌ಗಳಾಗಿ ಘೋಷಿತವಾಗಿರುವುದರಿಂದ, ಒಂದು ಮೆಥಡ್‌ನ ಹೆಸರನ್ನು ತಪ್ಪಾಗಿ ಬರೆದರೂ, ಸಂಖ್ಯೆ ಇರಬೇಕಾದಲ್ಲಿ ಪಠ್ಯವನ್ನು ಇಟ್ಟರೂ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ನನ್ನ ಮಟ್ಟಿಗೆ ಈ ದಾರಿ ಹಿಡಿಯಲು ಇದೊಂದೇ ಕಾರಣ ಸಾಕು.

ಕಂಪೈಲ್ ಮಾಡುವಾಗ ಆದೇಶದ ಸಾಲಿನಲ್ಲಿ ಮೂರು ಆಯ್ಕೆಗಳನ್ನು ಕೊಡಿ. ದೊಡ್ಡಕ್ಷರದ ‘ಟಿ’ಗೆ ಅಂಟಿಸಿ ‘ಬ್ರೌಸರ್’ ಎಂದು ಬರೆದರೆ ಗುರಿ ನಿಶ್ಚಯವಾಗುತ್ತದೆ. ದೊಡ್ಡಕ್ಷರದ ‘ಜೆ’, ಚಿಕ್ಕಕ್ಷರದ ‘ಸಿ’ ಎಲ್ಲ ಯೂನಿಟ್‌ಗಳನ್ನೂ ಒಂದೇ ಕಡತವಾಗಿ ಕೂಡಿಸುತ್ತವೆ. ದೊಡ್ಡಕ್ಷರದ ‘ಜೆ’, ಚಿಕ್ಕಕ್ಷರದ ‘ಐ’ಗಳ ಮುಂದೆ ‘ಆರ್‌ಟಿಎಲ್’ ಕಡತದ ಹೆಸರನ್ನು ಬರೆದರೆ, ಪ್ರೋಗ್ರಾಂ ಓಡಲು ಬೇಕಾದ ಆಧಾರ ಸಂಕೇತವೂ ಅದರೊಳಗೇ ಸೇರಿಕೊಳ್ಳುತ್ತದೆ.

ಹೀಗೆ ದೊರೆತ ಕಡತವನ್ನು ಎಚ್‌ಟಿಎಂಎಲ್ ಪುಟದ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಸೂಚಿಸಿದರಷ್ಟೇ ಸಾಲದು. ನನ್ನ ಮೊದಲ ಪುಟ ಬಹಳ ಹೊತ್ತು ಖಾಲಿಯಾಗಿಯೇ ಉಳಿದಿತ್ತು. ಎಲ್ಲಿಯೂ ದೋಷದ ಸೂಚನೆ ಇರಲಿಲ್ಲ. ‘ಆರ್‌ಟಿಎಲ್’ನ ‘ರನ್’ ಮೆಥಡ್ ಅನ್ನು ಕರೆಯುವವರೆಗೆ ಪ್ರೋಗ್ರಾಂ ಆರಂಭವಾಗುವುದೇ ಇಲ್ಲ. ಪುಟವು ಪೂರ್ತಿ ತೆರೆದುಕೊಂಡ ಬಳಿಕವೇ ಅದನ್ನು ಕರೆಯಿರಿ; ಇಲ್ಲವಾದರೆ ನೀವು ಹುಡುಕುವ ಗುಂಡಿ ಇನ್ನೂ ಹುಟ್ಟಿರದೆ, ಅದರ ಬದಲು ‘ನಿಲ್’ (ಏನೂ ಇಲ್ಲವೆಂಬ ಬೆಲೆ) ಕೈಗೆ ಬರುತ್ತದೆ.

ಹಳೆಯ ಸಂಕೇತವನ್ನು ತರುವವರು ಸಂಖ್ಯೆಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯು 53 ಬಿಟ್‌ಗಳವರೆಗಿನ ಪೂರ್ಣಾಂಕಗಳನ್ನು ಮಾತ್ರ ತಪ್ಪಿಲ್ಲದೆ ಹಿಡಿದಿಡಬಲ್ಲದು. ಆದ್ದರಿಂದ 64 ಬಿಟ್‌ಗಳ ಲೆಕ್ಕವನ್ನು ಇದ್ದಂತೆಯೇ ಸಾಗಿಸಲು ಬಾರದು. ಪಾಯಿಂಟರ್‌ಗಳನ್ನು ಕೂಡಿ ಕಳೆದು ಮೆಮೊರಿಯಲ್ಲಿ ಓಡಾಡುವ ಭಾಗಗಳನ್ನು ಹೊಸದಾಗಿ ಬರೆಯಬೇಕು.

ದೋಷ ಹುಡುಕಲು ದೊಡ್ಡಕ್ಷರದ ‘ಜೆ’, ಚಿಕ್ಕಕ್ಷರದ ‘ಎಂ’ ಆಯ್ಕೆಯಿಂದ ಸೋರ್ಸ್ ಮ್ಯಾಪ್, ಅಂದರೆ ಜಾವಾಸ್ಕ್ರಿಪ್ಟ್ ಸಾಲುಗಳನ್ನು ಮೂಲ ಪಾಸ್ಕಲ್ ಸಾಲುಗಳಿಗೆ ಹೊಂದಿಸುವ ಕಡತ, ಪಡೆದುಕೊಳ್ಳಿ. ಆಗ ಬ್ರೌಸರಿನ ಡಿಬಗರ್‌ನಲ್ಲಿ ನೀವು ಬರೆದ ಪಾಸ್ಕಲ್ ಸಾಲಿನ ಮೇಲೆಯೇ ಪ್ರೋಗ್ರಾಂ ಅನ್ನು ನಿಲ್ಲಿಸಿ ಚರಗಳ ಬೆಲೆಗಳನ್ನು ನೋಡಬಹುದು.