ಟೊಮೆಟೊ ಮಂಡಿ ಆ್ಯಪ್‌ನಲ್ಲಿ ಕನ್ನಡ ಹೆಸರು ಮತ್ತು ಜಾವಾ ವ್ಯಾಲಿಡೇಶನ್

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಪರಿಚಯದವರೊಬ್ಬರಿಗೆ ಜಾವಾದ ವೆಬ್ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್‌ನಲ್ಲಿ ಆ್ಯಪ್ ಮಾಡಿಕೊಟ್ಟೆ. ರೈತರ ಹೆಸರು, ಮೊಬೈಲ್, ಎಷ್ಟು ಬಾಕ್ಸ್, ಏನು ರೇಟು. ಇಷ್ಟೇ ಫಾರ್ಮು. ಆದರೆ ಹರಾಜಿನ ಗದ್ದಲದಲ್ಲಿ ಟೈಪ್ ಮಾಡುವ ಹುಡುಗರಿಗೆ ಪುರುಸೊತ್ತು ಎಲ್ಲಿ? ಖಾಲಿ ಹೆಸರು, ಒಂಬತ್ತೇ ಅಂಕಿಯ ಮೊಬೈಲ್, ಎಲ್ಲವೂ ಬರುತ್ತದೆ. ಇಂಥದ್ದನ್ನು ಸೇವ್ ಆಗುವ ಮೊದಲೇ ಹಿಡಿಯುವುದೇ ವ್ಯಾಲಿಡೇಶನ್.

ಫಾರ್ಮು ಬಂದು ತಲುಪುವ ಕೋಡಾದ ಕಂಟ್ರೋಲರ್‌ನಲ್ಲಿ ಸಾಲುಸಾಲು ಇಫ್ ಬರೆಯುವುದು ನನಗೆ ಒಗ್ಗುವುದಿಲ್ಲ. ಬದಲಿಗೆ ಫೀಲ್ಡುಗಳ ಮೇಲೇ ನಿಯಮ ಹೇಳುವ ಗುರುತು, ಅಂದರೆ ಆನೊಟೇಶನ್, ಇಟ್ಟೆ: ಹೆಸರಿನ ಮೇಲೆ ನಾಟ್‌ಬ್ಲಾಂಕ್, ಬಾಕ್ಸ್ ಮೇಲೆ ನಾಟ್‌ನಲ್ (ಬಿಟ್ಟುಹೋಗಬಾರದು) ಮತ್ತು ಪಾಸಿಟಿವ್ (ಸೊನ್ನೆಗಿಂತ ಹೆಚ್ಚು), ಮೊಬೈಲ್ ಮೇಲೆ ಪ್ಯಾಟರ್ನ್ (ಅಂಕಿ-ಅಕ್ಷರಗಳ ನಮೂನೆ) ಹಾಕಿದೆ. ಕಂಟ್ರೋಲರ್‌ನಲ್ಲಿ ಇವನ್ನೆಲ್ಲ ಪರಿಶೀಲಿಸು ಎನ್ನುವ ವ್ಯಾಲಿಡ್ ಅಂತ ಒಂದು ಪದ, ಅಷ್ಟೇ. 2009ರ ಜಾವಾ ಮಾನದಂಡವಾದ ಜೆಎಸ್‌ಆರ್ 303ರಿಂದ ಬಂದ ಪದ್ಧತಿ ಇದು. ಸ್ಪ್ರಿಂಗ್ ಬೂಟ್ 2.3ರಿಂದ ಇದಕ್ಕೆ ಬೇಕಾದ ಲೈಬ್ರರಿಗಳ ಕಟ್ಟಾದ ವ್ಯಾಲಿಡೇಶನ್ ಸ್ಟಾರ್ಟರ್ ಅನ್ನು ನಾವೇ ಸೇರಿಸಿಕೊಳ್ಳಬೇಕು.

ಮೊಬೈಲ್ ಕೊಡಲೇಬೇಕು ಅಂತ ಇಲ್ಲ. ಪ್ಯಾಟರ್ನ್ ಹೇಗೂ ನಲ್ (ಮೌಲ್ಯವೇ ಇಲ್ಲ) ಬಂದರೆ ಸುಮ್ನೆ ಬಿಡುತ್ತದೆ. ಆದರೆ ಫಾರ್ಮಿನಿಂದ ಬರುವುದು ನಲ್ ಅಲ್ಲ, ಖಾಲಿ ಸ್ಟ್ರಿಂಗ್ (ಅಕ್ಷರವೇ ಇಲ್ಲದ ಪಠ್ಯ)! ಅದಕ್ಕೆ ಫಾರ್ಮಿನ ಡೇಟಾ ಓದುವ ರೀತಿಯನ್ನು ಹೊಂದಿಸುವ ಇನಿಟ್‌ಬೈಂಡರ್‌ನಲ್ಲಿ ಸ್ಟ್ರಿಂಗ್‌ಟ್ರಿಮ್ಮರ್‌ಎಡಿಟರ್ ಹಾಕಿ, ಖಾಲಿ ಇದ್ದರೆ ನಲ್ ಮಾಡಿಸಿದೆ.

ನಿಜವಾದ ಮಜಾ ಇದ್ದದ್ದು ಹೆಸರಿನಲ್ಲಿ. ಎಲ್ಲರೂ ನಕಲು ಹೊಡೆಯುವ ಎ ಟು ಝಡ್ ಪ್ಯಾಟರ್ನ್ ಇಲ್ಲಿ ನಡೆಯೋಲ್ಲ, ಹುಡುಗರು ಕನ್ನಡದಲ್ಲೂ ಟೈಪ್ ಮಾಡುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನ 'ಅಕ್ಷರ' ವರ್ಗ ಒಂದನ್ನೇ ಕೊಟ್ಟರೂ ಸಾಲದು. ಮಂಜುನಾಥ ಅನ್ನುವುದರಲ್ಲಿ ಅನುಸ್ವಾರ, ಉಕಾರ, ದೀರ್ಘ ಇವೆ ಅಲ್ವಾ? ಅವು 'ಮಾರ್ಕ್' ವರ್ಗದವು. ಹಾಗಾಗಿ ಎರಡೂ ವರ್ಗ ಬೇಕು. ರಾಜ್‌ಕುಮಾರ್ ಅಂತ ಒತ್ತಕ್ಷರ ಆಗದಂತೆ ಬರೆದರೆ ನಡುವೆ ಕಣ್ಣಿಗೆ ಕಾಣದ ನಾನ್‌ಜಾಯಿನರ್ ಕೂತಿರುತ್ತದೆ, ಅದು ಎರಡೂ ವರ್ಗಕ್ಕೆ ಸೇರಿಲ್ಲ. ಅದನ್ನು, ಚುಕ್ಕೆಯನ್ನು, ಸ್ಪೇಸನ್ನು ಪ್ರತ್ಯೇಕವಾಗಿ ಸೇರಿಸಿದೆ. ಇನಿಷಿಯಲ್ ಇಲ್ಲದ ಹೆಸರು ನಮ್ಮ ಕಡೆ ಕಡಿಮೆ! ಹೆಸರಿನ ಉದ್ದದ ಮೇಲಿನ ಸೈಜ್ ಮಿತಿಯನ್ನೂ ಜಾಸ್ತಿಯೇ ಇಟ್ಟೆ. ಮಂಜುನಾಥ ನಮಗೆ ನಾಲ್ಕಕ್ಷರ, ಜಾವಾ ಲೆಕ್ಕದಲ್ಲಿ ಮಾರ್ಕ್‌ಗಳೂ ಸೇರಿ ಏಳು.

ತಪ್ಪಿದ್ದಾಗ ತೋರಿಸುವ ಮೆಸೇಜ್‌ಗಳೂ ಕನ್ನಡದಲ್ಲೇ, ಪ್ರಾಪರ್ಟೀಸ್ ಫೈಲಿನಲ್ಲಿ. 'ಹೆಸರು ತಪ್ಪಾಗಿದೆ' ಅಂತ ಬರೆಯಲಿಲ್ಲ, ಯಾರ ಹೆಸರು ತಪ್ಪಾಗಿರುತ್ತೆ? 'ಹೆಸರಿನಲ್ಲಿ ಅಂಕಿ ಬೇಡ' ಅಂತ ಬರೆದೆ.

ರೇಟಿಗೆ ಮಾತ್ರ ಗರಿಷ್ಠ ಮಿತಿ ಹೇಳುವ ಮ್ಯಾಕ್ಸ್ ಹಾಕಲಿಲ್ಲ. ಮಂಡಿಯವರು ಒಂದು ಸಾವಿರ ಸಾಕು ಅಂದರು. ಆದರೆ 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಆನೊಟೇಶನ್‌ನಲ್ಲಿ ಬರೆದ ಸಂಖ್ಯೆ ಬದಲಿಸಲು ಮತ್ತೆ ಬಿಲ್ಡ್ ಮಾಡಬೇಕು. ಅದಕ್ಕೇ ಆ ಮಿತಿಯನ್ನು ಡೇಟಾಬೇಸ್‌ನಲ್ಲಿಟ್ಟು ಸರ್ವೀಸ್‌ನಲ್ಲಿ ನೋಡುತ್ತೇನೆ. ದಾಟಿದರೆ ತಡೆಯುವುದಿಲ್ಲ, 'ರೇಟು ಸರಿಯಾ?' ಅಂತ ಒಮ್ಮೆ ಕೇಳುತ್ತದೆ.