ಕಲ್ಲು ಆರಿಸಿದ ದಿನ

ಧ್ರುವಪ್ರದೇಶದಲ್ಲಿ ಪ್ರಾಣ ತೆತ್ತ ವಿಜ್ಞಾನಿಗಳನ್ನು, ಅನ್ವೇಷಕರನ್ನು ಮಡಿಕೇರಿ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ಫೆಬ್ರವರಿ 8ರಂದು ಸ್ಮರಿಸುತ್ತೇವೆ. ಬ್ರಿಟಿಷ್ ಧ್ರುವಯಾತ್ರಿ ಸ್ಕಾಟ್ ತಂಡದವರಾರೂ ತೀರಿಕೊಂಡ ದಿನವಲ್ಲ ಅದು. 1912ರ ಆ ದಿನ, ದಕ್ಷಿಣ ಧ್ರುವದಿಂದ ಸೋತು ಸುಣ್ಣವಾಗಿ ಹಿಂದಿರುಗುತ್ತಿದ್ದ ಐವರು ಬಿಯರ್ಡ್‌ಮೋರ್ ಹಿಮನದಿಯ ಬಳಿಯ ಬಕ್ಲಿ ಬೆಟ್ಟದ ಬುಡದಲ್ಲಿ ನಿಂತು ಕಲ್ಲು ಆರಿಸಿದರು. ಅವರ ಸಾವಿಗಿಂತ ಈ ಕೆಲಸವನ್ನೇ ಮಕ್ಕಳು ಮೊದಲು ತಿಳಿಯಬೇಕೆಂಬುದು ನನ್ನ ಹಟ.

ಸಿದ್ಧತೆ ದೊಡ್ಡದೇನಲ್ಲ. ಹೊಳೆಯಿಂದ ಕಲ್ಲು ತಂದು, ಪಕ್ಕದ ತೋಟದಲ್ಲಿ ಕಾಫಿ ತೂಗುವ ತಕ್ಕಡಿಯಲ್ಲಿ ಹದಿನಾರು ಕಿಲೋ ತೂಗಿ, ಗೋಣಿಗೆ ತುಂಬಿ ಹಗ್ಗ ಕಟ್ಟುತ್ತೇವೆ. ಸ್ಕಾಟ್ ತಂಡ ಕೊನೆಯವರೆಗೂ ಬಿಡದೆ ಎಳೆದ ಕಲ್ಲುಗಳ ತೂಕ ಹೆಚ್ಚುಕಡಿಮೆ ಅಷ್ಟೇ. ಮಕ್ಕಳು ಸರದಿಯಲ್ಲಿ ಮೈದಾನದುದ್ದಕ್ಕೂ ಎಳೆಯುತ್ತಾರೆ. ಒಣಮಣ್ಣಿನಲ್ಲಿ ಗೋಣಿ ಕಚ್ಚಿಕೊಳ್ಳುತ್ತದೆ, ಹಗ್ಗ ಅಂಗೈ ಕೆಂಪಾಗಿಸುತ್ತದೆ. ಕಡುಚಳಿಗೆ ಹಿಮವೂ ಮರಳಿನಂತಾಗಿ ಜಾರುಬಂಡಿ ಮುಂದೆ ಸರಿಯುತ್ತಿರಲಿಲ್ಲ ಎಂದು ಆಗ ಹೇಳಿದರೆ ಬಿಡಿಸಿ ಹೇಳಬೇಕಾಗುವುದಿಲ್ಲ.

‘ಇಂಗ್ಲಿಷರಿಗೆ ನಾವೇಕೆ ದೀಪ ಹಚ್ಚಬೇಕು ಸರ್?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಅಳಿದ ಸಸ್ಯದ ಎಲೆಯಚ್ಚುಗಳಿದ್ದವು. ಅದೇ ಸಸ್ಯದ ಪಳೆಯುಳಿಕೆ ನಮ್ಮ ದೇಶದ ಜಾರ್ಖಂಡ್-ಬಂಗಾಳದ ದಾಮೋದರ ಕಣಿವೆಯ ಕಲ್ಲಿದ್ದಲು ಪದರಗಳಲ್ಲೂ ಇದೆ. ಅಂಟಾರ್ಕ್ಟಿಕ ಮತ್ತು ಭಾರತ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು ಎನ್ನಲು ಅದೂ ಒಂದು ಸಾಕ್ಷಿ. ಕಾರಣವರಿಗೆ, ಅಂದರೆ ಗತಿಸಿದ ಕುಲದ ಹಿರಿಯರಿಗೆ, ವರ್ಷವರ್ಷವೂ ಎಡೆ ಇಡುವ ಕೊಡಗಿನಲ್ಲಿ, ನಮ್ಮ ನೆಲದ ಚರಿತ್ರೆ ಹೊತ್ತು ತಂದವರಿಗೆ ಒಂದು ದೀಪ ಹೆಚ್ಚಾಗದು ಎಂದೆ.

ದೀಪ ಹಚ್ಚಿದ ಮೇಲೆ ಮಕ್ಕಳೇ ಹೆಸರು ಓದುತ್ತಾರೆ: ಎಡ್ಗರ್ ಎವನ್ಸ್, ಓಟ್ಸ್, ವಿಲ್ಸನ್, ಬೋವರ್ಸ್, ಸ್ಕಾಟ್. ಬೋವರ್ಸ್ ಬಂದಾಗ ನಾನು ಸ್ವಲ್ಪ ನಿಲ್ಲಿಸುತ್ತೇನೆ. ಬ್ರಿಟಿಷ್ ಭಾರತದ ನೌಕಾಸೇವೆಯಾದ ರಾಯಲ್ ಇಂಡಿಯನ್ ಮರೀನ್‌ನಿಂದ ಹೋದ ಆತ ಧ್ರುವದ ದಾರಿಯಲ್ಲಿ ಹವಾಮಾನದ ಲೆಕ್ಕ ಬರೆದಿಟ್ಟವನು. ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಬರೆದಿಡುವ ಬೆಳೆಗಾರರ ಮನೆಯ ಮಕ್ಕಳಿಗೆ ಈತ ಬೇಗ ಹತ್ತಿರವಾಗುತ್ತಾನೆ.

ಕೊನೆಯಲ್ಲಿ ನಮ್ಮವರ ಸರದಿ. 1990ರಲ್ಲಿ ಭಾರತದ ಒಂಬತ್ತನೆಯ ಅಂಟಾರ್ಕ್ಟಿಕ ಯಾತ್ರೆಯ ನಾಲ್ವರು ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ಬಲಿಯಾದರು. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರಿಗೆ ಅಪಾಯವೇ ಗೊತ್ತಾಗುವುದಿಲ್ಲ. ಸ್ಕಾಟ್‌ನ ಕಥೆ ಬಲ್ಲ ಎಷ್ಟೋ ಮಂದಿಗೆ ಈ ನಾಲ್ವರ ಸುದ್ದಿಯೇ ತಿಳಿದಿಲ್ಲ, ಅದು ನನಗೆ ಸಹಿಸಲಾಗದ ಸಂಗತಿ.

ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು, ‘ನಾವೂ ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟು ಕಿಟಕಿ ಮುಚ್ಚಿ ಮಲಗುತ್ತೇವೆ ಸರ್’ ಎಂದಳು. ಕೆಂಡದಿಂದಲೂ ಅದೇ ವಿಷಾನಿಲ ಹೊಮ್ಮುತ್ತದೆ. ಕಾರ್ಯಕ್ರಮ ಅಲ್ಲಿಗೇ ನಿಂತಿತು. ಇನ್ನೂ ಯಾರ ಮನೆಯಲ್ಲಿ ಹೀಗಿದೆ ಎಂದು ಕೇಳಿದರೆ ಹಲವು ಕೈಗಳು ಮೇಲೆದ್ದವು. ಆ ಸಂಜೆಯೇ ಅವರ ಮನೆಗಳಿಗೆ ಹೋಗಿ ಹಿರಿಯರೊಂದಿಗೆ ಮಾತನಾಡಿ ಬಂದೆ. ಈಗ ಚಳಿಗಾಲ ಹಿಡಿಯುವ ಮೊದಲೇ ಮಕ್ಕಳ ಕೈಯಲ್ಲಿ ಈ ಬಗ್ಗೆ ಒಂದು ಚೀಟಿ ಬರೆಸಿ ಮನೆಮನೆಗೆ ಕಳುಹಿಸುತ್ತೇವೆ.